ಕಾರವಾರ–ಶಿರಸಿ ಕಡೆ ಎರಡು-ಮೂರು ಹಲಗೆ ಒಳ್ಳೆ ಮರ ಎಲ್ಲಿ ಸಿಗ್ತದೆ?

ಕೋಡಿಬಾಗದವ
ನಮಸ್ಕಾರ ಎಲ್ರಿಗೂ. ಕಾರವಾರದಲ್ಲಿ ನೌಕರಿ, ಬಡಗಿ ಅಲ್ಲ. ಭಾನುವಾರ ಬಂತು ಅಂದ್ರೆ ಮನೆ ಹಿಂದಿನ ಶೆಡ್ಡಲ್ಲಿ ಉಳಿ, ಹತ್ತರಿ ಹಿಡ್ಕೊಂಡು ಕೂರುವ ಚಟ. ಇಲ್ಲಿವರೆಗೆ ಪ್ಲೈವುಡ್ಡಿನಲ್ಲೇ ಕಾಲ ಕಳೆದೆ. ಈಗ ಮಗಳಿಗೊಂದು ಓದುವ ಮೇಜು, ಅಮ್ಮನಿಗೊಂದು ಊಟದ ಮಣೆ, ಒಂದು ಪುಸ್ತಕದ ಕಪಾಟು, ಇಷ್ಟನ್ನು ಅಸಲಿ ಮರದಲ್ಲೇ ಮಾಡ್ಬೇಕು ಅಂತ ಆಸೆ.

ಆದ್ರೆ ಮರ ಕೊಡುವವರೇ ಇಲ್ಲ. ಟಿಂಬರ್ ಅಂಗಡಿಗೆ ಹೋದ್ರೆ "ಎಷ್ಟು ಬಾಗಿಲು, ಎಷ್ಟು ಕಿಟಕಿ?" ಅಂತ ಶುರು. ಮೂರು ಹಲಗೆ ಸಾಕು ಅಂದ ಕೂಡ್ಲೆ ಫೋನ್ ನೋಡ್ಲಿಕ್ಕೆ ಹಿಡೀತಾರೆ. ಕೊಟ್ರೂ ದಾರಂದದ (ಬಾಗಿಲ ಚೌಕಟ್ಟಿನ) ಸೈಜು, ನಾಲ್ಕು-ಮೂರು ಇಂಚಿನ ದಪ್ಪ. ನಮ್ಮ ಆಚಾರ್ರು "ಸಾಗುವಾನಿ ಬಿಟ್ಟು ಬೇರೆ ಮುಟ್ಲೇಬೇಡಿ" ಅಂತಾರೆ. ಸಾಗುವಾನಿ ರೇಟು ಕೇಳಿದ್ರೆ ಮೇಜೇ ಬೇಡ ಅನ್ನಿಸ್ತದೆ. ಅಂಕೋಲಾ, ಕುಮಟಾ, ಶಿರಸಿ, ದಾಂಡೇಲಿ, ಎಲ್ಲಿಗಾದ್ರೂ ಬರ್ತೇನೆ. ಯಾವ ಮರ ತಗೊಳ್ಬೇಕು, ಯಾರ ಹತ್ರ, ಒಣಗಿದ್ದು ಹೌದೋ ಅಲ್ವೋ ಅಂತ ತಿಳಿಯೋದು ಹೇಗೆ?

ಉಳಿಪೆಟ್ಟು
ಶಿರಸಿಯಿಂದ. ಟಿಂಬರ್ ಅಂಗಡಿ ಇರೋದೇ ಮನೆ ಕಟ್ಟುವವರಿಗೆ, ಅವರನ್ನು ಬಯ್ದು ಉಪಯೋಗ ಇಲ್ಲ. ನೀವು ಹೋಗ್ಬೇಕಾದ್ದು ಬಾಗಿಲು-ದಾರಂದ ಮಾಡುವ ವರ್ಕ್‌ಶಾಪಿಗೆ. ಒಂದು ಮನೆಯ ಕೆಲಸ ಮುಗಿಯುವಷ್ಟರಲ್ಲಿ ಅಲ್ಲಿ ಮೂಲೆಯಲ್ಲಿ ಒಂದಡಿ, ಎರಡಡಿ ತುಂಡುಗಳ ರಾಶಿ ಬಿದ್ದಿರ್ತದೆ. ಹೆಚ್ಚಿನದು ಬಚ್ಚಲ ಒಲೆಗೆ ಹೋಗುವ ಮಾಲು. ಸ್ಟೂಲಿನ ಕಾಲು, ಡಬ್ಬಿ, ಮಣೆಯ ಅಡಿಪಟ್ಟಿ, ಉಳಿಯ ಹಿಡಿ, ಎಲ್ಲ ಅದ್ರಲ್ಲೇ ಆಗ್ತದೆ. ಪುಸ್ತಕದ ಕಪಾಟಿನ ನಿಲುವಿಗೂ ಕೆಲವೊಮ್ಮೆ ಸಿಕ್ಕೀತು.

ಮೇಜಿನ ಮೇಲ್ಹಲಗೆಗೆ ಮಾತ್ರ ಸಾಮಿಲ್ಲೇ ಗತಿ. ಹೋಗುವಾಗ ಚೀಟಿ ಬರ್ಕೊಂಡು ಹೋಗಿ. "ಮೇಜು ಮಾಡ್ಬೇಕು" ಅಂದ್ರೆ ಮಿಲ್ಲಿನವನಿಗೆ ಎಂತದೂ ಹೊಳೆಯೋದಿಲ್ಲ. "ಒಂದೂಕಾಲಿಂಚು ದಪ್ಪ, ಎಂಟಿಂಚು ಅಗಲ, ನಾಲ್ಕಡಿ ಉದ್ದ, ಮೂರು" ಅಂದ್ರೆ ಕೂಡ್ಲೆ ಕೈ ರಾಶಿ ಕಡೆ ಹೋಗ್ತದೆ. ಕೆಲಸಕ್ಕೆ ಒಂದಿಂಚು ಬೇಕಿದ್ರೂ ಒಂದೂಕಾಲು ಅಂತಲೇ ಹೇಳಿ. ಒಣಗುವಾಗ ಸ್ವಲ್ಪ ಎಳೀತದೆ, ಹತ್ತರಿ ಹೊಡೆಯುವಾಗ ಉಳಿದದ್ದು ಹೋಗ್ತದೆ.

ಇನ್ನು ಸಾಗುವಾನಿ ವಿಷಯ. ಮಳೆ ಹೊಡೆಯುವ ಮುಂಬಾಗಿಲಿಗೆ ಅದು ಸರಿಯೇ. ಮನೆಯೊಳಗೆ ಗೋಡೆಗೆ ಒರಗಿ ನಿಲ್ಲುವ ಕಪಾಟಿಗೆ ಎಂತಕ್ಕೆ?

ದಾಂಡೇಲಿ ದಿಮ್ಮಿ
ನಮ್ಮೂರ ಹೆಸರು ಬಂತಲ್ಲ, ಬರೀತೇನೆ. ಇಲ್ಲಿಯ ಇಲಾಖೆ ಡಿಪೋ, ಯಲ್ಲಾಪುರ–ಹುಬ್ಬಳ್ಳಿ ದಾರಿಯ ಕಿರವತ್ತಿ ಡಿಪೋ, ಎರಡರಲ್ಲೂ ನಾಟಾ (ಕಡಿದ ಮರ) ಹರಾಜಿಗೆ ಹೋಗ್ತದೆ. ಈಗ ಎಲ್ಲ ಆನ್‌ಲೈನ್, ಮೊದ್ಲು ಠೇವಣಿ ಕಟ್ಟಿ ಲಾಟ್ ಲೆಕ್ಕದಲ್ಲಿ ಬಿಡ್ ಹಾಕ್ಬೇಕು. ಒಬ್ಬ ಹವ್ಯಾಸಿ ಅಲ್ಲಿ ಹೋಗಿ ಒಂದು ಕೊಂಟು (ದಿಮ್ಮಿಯ ತುಂಡು) ಕೇಳಿದ್ರೆ ಸಿಗೋದಿಲ್ಲ. ಆದ್ರೆ ಲಾಟ್ ಹಿಡಿದ ಸಣ್ಣ ವ್ಯಾಪಾರಿಗಳು ಹಳಿಯಾಳ, ದಾಂಡೇಲಿ, ಯಲ್ಲಾಪುರದ ಮಿಲ್ಲುಗಳಲ್ಲಿ ಕೊಯ್ಸ್ತಾರೆ. ಕೊಯ್ಯುವ ಹೊತ್ತಿಗೆ ನೀವು ಅಲ್ಲಿದ್ರೆ, ದಾರಂದದ ಸೈಜಿಗೆ ಬಾರದ ಪಕ್ಕದ ಹಲಗೆ ಕೇಳಿ. ಅವರಿಗೆ ಅದು ಉಳಿಕೆ, ನಿಮಗೆ ಅದೇ ಬೇಕಾದ್ದು.

ಅಳತೆ ಗೊತ್ತಿರ್ಲಿ, ಇಲ್ದಿದ್ರೆ ಮಾತಾಡುವಾಗ ಪೆಚ್ಚಾಗ್ತೀರಿ. ದುಂಡು ದಿಮ್ಮಿ ಅಳೆಯುವ ಹಳೇ ಕ್ರಮ: ಸುತ್ತಳತೆಯ ಕಾಲು ಭಾಗ ತಗೊಂಡು ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸೋದು. 48 ಇಂಚು ಸುತ್ತಳತೆ, 10 ಅಡಿ ಉದ್ದ ಇದ್ರೆ 12×12×10, ಅದನ್ನು 144ರಿಂದ ಭಾಗಿಸಿದ್ರೆ 10 ಘನ ಅಡಿ. ಗಣಿತದ ಪ್ರಕಾರ ಆ ದಿಮ್ಮಿಯಲ್ಲಿ ಇರೋದು ಸುಮಾರು 12.7 ಘನ ಅಡಿ. ಹೊರಗಿನ ಸೀಳು ಹೋಗ್ತದೆ ಅಂತ ಅಳತೆಯಲ್ಲೇ ಬಿಟ್ಟುಕೊಡುವ ಲೆಕ್ಕ ಅದು. ಕೊಯ್ದ ಹಲಗೆಗೆ ಈ ರಿಯಾಯಿತಿ ಇಲ್ಲ: ದಪ್ಪ ಇಂಚು × ಅಗಲ ಇಂಚು × ಉದ್ದ ಅಡಿ, ಭಾಗಿಸು 144. ಉಳಿಪೆಟ್ಟು ಹೇಳಿದ ಮೂರು ಹಲಗೆ ಲೆಕ್ಕ ಹಾಕಿ ನೋಡಿ, 0.83 ಘನ ಅಡಿ! ಅಂಗಡಿಯವ ಫೋನ್ ನೋಡದೆ ಮತ್ತೆಂತ ಮಾಡ್ಬೇಕು?

ಗಾಳಿಮರ
ಒಂದು ಘನ ಅಡಿಯೂ ಇಲ್ವಾ ಮಾರಾಯ್ರೆ! ಅಂದ್ರೆ ಸಾಗುವಾನಿಯೇ ತಗೊಂಡ್ರೂ ಮೇಲ್ಹಲಗೆಗೆ ಮನೆ ಮಾರುವಷ್ಟೇನೂ ಆಗೋದಿಲ್ಲ.

ಕೋಡಿಬಾಗದವ
ಹೌದಲ್ಲ, ನಾನು ಘನ ಅಡಿ ರೇಟು ಕೇಳಿಯೇ ಗಾಬರಿ ಬಿದ್ದು ಬಂದದ್ದು. ಅಂದ ಹಾಗೆ ಒಬ್ರು "ತೋಟದ ಸಾಗುವಾನಿ, ಅರ್ಧ ರೇಟು" ಅಂತಿದ್ದಾರೆ. ತಗೊಳ್ಬಹುದಾ?

ಸಾಮಿಲ್ ಮಗ
ಅಪ್ಪನ ಕಾಲದಿಂದ ಮಿಲ್ಲಿನ ಧೂಳು ತಿಂದು ಬೆಳೆದವ. ತೋಟದ ಸಾಗುವಾನಿ ಅಂದ್ರೆ ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ವರ್ಷದ್ದು. ಕೊಯ್ದು ನೋಡಿದ್ರೆ ನಡುವೆ ಒಂದಿಷ್ಟು ಚೇಗು (ಒಳಗಿನ ಗಟ್ಟಿ, ಬಣ್ಣದ ಮರ), ಸುತ್ತ ಬಿಳಿ. ಸಾಗುವಾನಿಗೆ ಒರಲೆ (ಗೆದ್ದಲು) ಹಿಡಿಯೋದಿಲ್ಲ, ಮರ ಕೊರೆಯುವ ಕುಟ್ಟೆ ಹಿಡಿಯೋದಿಲ್ಲ ಅನ್ನುವ ಹೆಸರೆಲ್ಲ ಚೇಗಿಗೆ ಬಂದದ್ದು, ಬಿಳಿಗೆ ಆ ಗುಣ ಇಲ್ಲ. ಬಿಳಿ ಭಾಗದಲ್ಲಿ ಪಿಷ್ಟ ಇರ್ತದೆ, ಕುಟ್ಟೆ ಹುಳ ಬರೋದು ಅದಕ್ಕೇ. ಎರಡು ವರ್ಷ ಬಿಟ್ಟು ಕಪಾಟಿನ ಕೆಳಗೆ ಹಿಟ್ಟಿನ ಹಾಗೆ ಪುಡಿ ಉದುರ್ತದೆ.

ನೋಡುವ ಕ್ರಮ: ಹಲಗೆಯ ಮೈ ನೋಡ್ಬೇಡಿ, ತುದಿ ನೋಡಿ. ಮೈಗೆ ಎಣ್ಣೆ ಬಳಿದು, ಬಣ್ಣ ಸವರಿ ಇಟ್ಟಿರ್ತಾರೆ. ತುದಿಯನ್ನು ಚೂರಿಯಲ್ಲಿ ಒಂದು ಬೆರಳಗಲ ಕೆತ್ತಿದ್ರೆ ಬಿಳಿ ಎಲ್ಲಿ ಮುಗೀತು, ಚೇಗು ಎಲ್ಲಿ ಶುರು ಆಯ್ತು ಅಂತ ಕಾಣ್ತದೆ. ಒಳ್ಳೆ ಚೇಗು ಮುಟ್ಟಿದ್ರೆ ಜಿಡ್ಡು-ಜಿಡ್ಡು, ಹಳೇ ಚರ್ಮದ ಚೀಲದ ವಾಸನೆ. ಕೆತ್ತಲಿಕ್ಕೆ ಬಿಡದ ವ್ಯಾಪಾರಿ ಹತ್ರ ನಾನಂತೂ ತಗೊಳ್ಳೋದಿಲ್ಲ.

ಅರ್ಧ ರೇಟಿಗೆ ಸಿಕ್ಕಿದ್ದರಲ್ಲಿ ಅರ್ಧ ಬಿಳಿ ಇದ್ರೆ ರೇಟು ಸರಿಯೇ ಆಯ್ತಲ್ಲ, ಕಮ್ಮಿ ಎಲ್ಲಿ ಆಯ್ತು?

ಮಂಚೀಕೇರಿ ಮಾಣಿ
ನೀವೆಲ್ಲ ಸಾಗುವಾನಿ ಸುತ್ತಲೇ ತಿರುಗ್ತಾ ಇದ್ದೀರಿ. ಘಟ್ಟದ ಮೇಲಿನ ಹಳೇ ಮನೆಗಳಲ್ಲಿ ಸಾಗುವಾನಿ ಎಲ್ಲಿದ್ದು? ನಮ್ಮನೆಯ ಕಂಬ ಹಲಸು, ಅಟ್ಟದ ತೊಲೆ ಮತ್ತಿ, ಬಾಗಿಲು ಹೆಬ್ಬಲಸು. ಹವ್ಯಾಸಕ್ಕೆ ಮರ ಬೇಕು ಅಂದ್ರೆ ನನ್ನ ಆಯ್ಕೆ ಹೇಳ್ತೇನೆ.

ಶಿವನೆ ಸಿಕ್ಕಿದ್ರೆ ಬಿಡಬೇಡಿ. ಹಗುರ, ಬಿಳಿ-ಹಳದಿ ಬಣ್ಣ, ಉಳಿ ಇಟ್ರೆ ಹೋಗ್ತದೆ. ಒಣಗಿದ ಮೇಲೆ ಸೊಟ್ಟ ಆಗೋದು ಕಮ್ಮಿ. ಮೂರ್ತಿ ಕೆತ್ತುವ ಗುಡಿಗಾರರು ಶಿವನೆ ಹುಡುಕೋದು ಸುಮ್ಮನೆ ಅಲ್ಲ. ಹೊಸದಾಗಿ ಕಲಿಯುವವನ ಕೈಗೆ ಇದಕ್ಕಿಂತ ಒಳ್ಳೇದು ನಮ್ಮಲ್ಲಿ ಇಲ್ಲ ಅಂತ ನನ್ನ ಲೆಕ್ಕ. ಮೇಲ್ಮೈ ಮೆತ್ತಗೆ, ಓದುವ ಮೇಜಿನ ಮೇಲೆ ಕಂಪಾಸ್ ಚುಚ್ಚಿದ್ರೆ ಗುರುತು ಬೀಳ್ತದೆ, ಅಷ್ಟೆ.

ಹಲಸು ಮಣೆಗೆ. ಹೊಸತರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗ್ತದೆ. ಮೃದಂಗದ ಮೈ ಮಾಡೋದೂ ಹಲಸಿನಲ್ಲೇ. ಹೆಬ್ಬಲಸು ಅದಕ್ಕಿಂತ ನೇರ ಎಳೆ, ಉದ್ದುದ್ದ ಹಲಗೆ ಸಿಗ್ತದೆ, ಮೇಜಿಗೆ ಅದು. ಕರಾವಳಿಯವರಿಗೆ ಗೊತ್ತಿರ್ಬೇಕು, ಫೈಬರ್ ಬರುವ ಮುಂಚೆ ದೋಣಿಗೆ ಬಳಸ್ತಿದ್ದ ಮರ.

ಮತ್ತಿ, ಜಂಬೆ, ಕಿಂದಳ ಎಲ್ಲ ಗಟ್ಟಿ ಹೌದು, ಆದ್ರೆ ಕೈ ಹತ್ತರಿಯವರಿಗೆ ಶಿಕ್ಷೆ. ಅಲಗು ದಿನಕ್ಕೆ ಮೂರು ಸಲ ಮಸೀಬೇಕು. ನಂದಿ ನಡುವಿನದ್ದು, ಚೌಕಟ್ಟಿಗೆ ಚೆನ್ನ.

ಉಳಿಪೆಟ್ಟು
ಮಾಣಿ, ಮತ್ತಿಗೆ ಅಷ್ಟು ಹೆದರಿಸಬೇಡ. ವರ್ಕ್‌ಬೆಂಚಿಗೆ ಮತ್ತಿಯಂಥದ್ದು ಇಲ್ಲ. ಎಷ್ಟು ಸುತ್ತಿಗೆ ಹೊಡೆದ್ರೂ ಅಲ್ಲಾಡೋದಿಲ್ಲ.

ಮಂಚೀಕೇರಿ ಮಾಣಿ
ಬೆಂಚಿಗೆ ಸೈ ಭಾವ. ಅದನ್ನು ಶೆಡ್ಡಿಗೆ ಹೊತ್ತು ಹಾಕ್ಲಿಕ್ಕೆ ನಾಲ್ಕು ಜನ ಕರ್ಕೊಂಡು ಬಾ.

ಗಾಳಿಮರ
ಯಾರೂ ಅಕೇಶಿಯಾ ಹೆಸರೇ ಎತ್ತಲಿಲ್ಲ! ಕುಮಟಾ, ಹೊನ್ನಾವರ, ಭಟ್ಕಳದ ಬೋಳು ಗುಡ್ಡಗಳ ತುಂಬ ಇಲಾಖೆ ನೆಟ್ಟದ್ದು ಅದೇ. ಆಸ್ಟ್ರೇಲಿಯಾ ಕಡೆಯ ಮರ, ನಮ್ಮ ಜಂಬಿಟ್ಟಿಗೆ ನೆಲದಲ್ಲೂ ಬೆಳೀತದೆ. ಪರಿಸರದ ಜಗಳ ಇಲ್ಲಿ ಬೇಡ, ಗುಡ್ಡದ ನೀರು ಕುಡಿತು, ಕೆಳಗೆ ಹುಲ್ಲು ಹುಟ್ಟೋದಿಲ್ಲ ಅಂತ ಬಯ್ಯುವವರ ಮಾತಿಗೆ ನಾನು ಎದುರು ಹೇಳೋದಿಲ್ಲ. ಆದ್ರೆ ಕಡಿದ ಮೇಲೆ ಅದನ್ನು ಸೌದೆಗೆ, ಕಾಗದದ ಕಾರ್ಖಾನೆಗೆ ಮಾತ್ರ ಅಂತ ನೂಕಿದ್ದು ಅನ್ಯಾಯ.

ಚೇಗು ಕಂದು ಬಣ್ಣ, ನಡುವೆ ಕಪ್ಪು ಗೆರೆ, ಎಣ್ಣೆ ಹಚ್ಚಿದ್ರೆ ನೋಡಿದವರು ಯಾವ ಮರ ಅಂತ ಕೇಳ್ದೆ ಹೋಗೋದಿಲ್ಲ. ದೋಷವೂ ಇದೆ. ಮರ ಸೊಟ್ಟ, ಕೊಂಬೆ ಜಾಸ್ತಿ, ಗಂಟು ಜಾಸ್ತಿ. ಆರಡಿ ನೇರ ಹಲಗೆ ಕಷ್ಟ. ಹಸಿಯಲ್ಲಿ ಬಿಸಿಲಿಗೆ ಹಾಕಿದ್ರೆ ಒಳಗಿಂದ ಸೀಳ್ತದೆ. ಮೊಳೆ, ಸ್ಕ್ರೂ ಹಾಕುವ ಮುಂಚೆ ತೂತು ಕೊರೀಲೇಬೇಕು. ಎರಡಡಿಯ ಒಳಗಿನ ಕೆಲಸ, ಸ್ಟೂಲು, ಟ್ರೇ, ಗಡಿಯಾರದ ಚೌಕಟ್ಟು, ಇವಕ್ಕೆ ದುಡ್ಡಿಗೆ ಎರಡರಷ್ಟು ಮಾಲು.

ಸಾಮಿಲ್ ಮಗ
ಅಕೇಶಿಯಾ ಕೊಯ್ಯುವಾಗ ಹೇಳ್ಬೇಕಾದ್ದು ಒಂದಿದೆ. ದಿಮ್ಮಿಯ ಸರೀ ನಡುವಿನ ಬೆಂಡು ಒಂದೇ ಹಲಗೆಯಲ್ಲಿ ಬರುವ ಹಾಗೆ ಕೊಯ್ಸಿ, ಆ ಹಲಗೆಯನ್ನು ಉದ್ದಕ್ಕೆ ಎರಡಾಗಿ ಸೀಳಿ ನಡು ತೆಗೀರಿ. ಬಿರುಕು ಶುರು ಆಗೋದು ಅಲ್ಲಿಂದ. ಇದು ಹಲಸಿಗೂ ಅನ್ವಯ.

ಹಳದೀಪುರದ ಅಕ್ಕ
ನಾನು ಮಾಡೋದು ಅಡಿಗೆಮನೆ ಸಾಮಾನು: ಸಟ್ಟುಗ, ಕಡಗೋಲು, ತರಕಾರಿ ಹೆಚ್ಚುವ ಹಲಗೆ. ಅದಕ್ಕೆ ಮರ ಹುಡುಕುವ ರೀತಿ ಬೇರೆ. ವರ್ಕ್‌ಶಾಪಿನ ತುಂಡು ನಾನು ಮುಟ್ಟೋದಿಲ್ಲ. ಅದಕ್ಕೆ ಹುಳದ ಔಷಧಿ ಹೊಡೆದಿದ್ದಾರೋ, ಪಾಲಿಶ್ ತಾಗಿದೆಯೋ ಯಾರಿಗೆ ಗೊತ್ತು? ಮಳೆಗಾಲದಲ್ಲಿ ಗಾಳಿಗೆ ಬಿದ್ದ ಹಿತ್ತಲ ಹಲಸಿನ ಕೊಂಬೆ, ಹುಣಸೆ, ಮಾವು, ಇಷ್ಟರಲ್ಲಿ ನನ್ನ ಕೆಲಸ ಆಗ್ತದೆ. ಹೆಚ್ಚುವ ಹಲಗೆಗೆ ಹುಣಸೆಯೇ ಸೈ, ಎಳೆ ಒಂದಕ್ಕೊಂದು ಹೆಣೆದುಕೊಂಡಿರೋದರಿಂದ ಕತ್ತಿಗೆ ಸಿಪ್ಪೆ ಏಳೋದಿಲ್ಲ. ಮಾವು ಬೇಗ ಕೊಯ್ದು ಬೇಗ ಒಣಗಿಸ್ಬೇಕು, ಹಸಿಯಾಗಿ ಬಿಟ್ರೆ ಕಪ್ಪು ಕಲೆ ಬಂತು ಅಂತ್ಲೆ.

ಹೊನ್ನೆ ಅಡಿಗೆಗೆ ಬೇಡ. ಹೊನ್ನೆ ಲೋಟದಲ್ಲಿ ನೀರಿಟ್ರೆ ನೀರಿನ ಬಣ್ಣವೇ ಬದಲಾಗೋದು ನೋಡಿರ್ತೀರಿ, ಸಟ್ಟುಗ ಮಾಡಿದ್ರೆ ಸಾರಿಗೂ ಅದೇ ಗತಿ.

ಮೇಲೆ ಹಚ್ಚಲಿಕ್ಕೆ ಹೆಚ್ಚಿನವರು ತೆಂಗಿನೆಣ್ಣೆ ಸವರ್ತಾರೆ. ಅದು ಒಣಗೋದಿಲ್ಲ, ಮತ್ತೆ ಮತ್ತೆ ಹಚ್ತಾ ಇರ್ಬೇಕು. ಅಗಸೆ ಎಣ್ಣೆ ತಾನಾಗಿ ಒಣಗಿ ಗಟ್ಟಿಯಾಗ್ತದೆ, ಆದ್ರೆ ಪೇಂಟ್ ಅಂಗಡಿಯ ಡಬ್ಬದ್ದು ಬೇಡ, ಬೇಗ ಒಣಗ್ಲಿ ಅಂತ ರಾಸಾಯನಿಕ ಸೇರಿಸಿರ್ತಾರೆ. ಗಾಣದ್ದು ತಗೊಳ್ಳಿ. ಅದರ ಮೇಲೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆಯ ಬಟ್ಟೆ ಒಣಗುವಾಗ ಬಿಸಿಯೇರಿ ತಾನೇ ಬೆಂಕಿ ಹತ್ತಬಹುದು. ಹರವಿ ಹಾಕಿ, ಇಲ್ಲಾ ನೀರಲ್ಲಿ ಅದ್ದಿಡಿ.

ಕೋಡಿಬಾಗದವ
ಅಕ್ಕಾ, ಬಟ್ಟೆಯ ವಿಷಯ ಗೊತ್ತೇ ಇರ್ಲಿಲ್ಲ. ಒಣಗುವ ವಿಷಯಕ್ಕೆ ಬರ್ತೇನೆ. ಇಲ್ಲಿ ಕಾರವಾರದಲ್ಲಿ ಜೂನ್ ಬಂತು ಅಂದ್ರೆ ಉಪ್ಪಿನ ಡಬ್ಬಿಯೇ ನೀರು. ಮರ ಒಣಗೋದು ಯಾವಾಗ?

ಅಘನಾಶಿನಿ
ಇದಕ್ಕೆ ಉದ್ದ ಬರೀಲೇಬೇಕು, ಕ್ಷಮೆ ಇರ್ಲಿ.

ಮರ ಪೂರ್ತಿ ಒಣಗೋದು ಅಂತ ಇಲ್ಲ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವ ಇದೆಯೋ ಅದಕ್ಕೆ ಹೊಂದಿಕೊಳ್ಳೋದು. ಕರಾವಳಿಯಲ್ಲಿ ಮಳೆಗಾಲದ ನಡುವೆ ಬಯಲಿಗೆ ತೆರೆದ ಶೆಡ್ಡಿನ ಮರದಲ್ಲಿ ನೂರಕ್ಕೆ 18ರ ಹತ್ತಿರ ತೇವ ನಿಲ್ತದೆ, ಫೆಬ್ರುವರಿ-ಮಾರ್ಚಿಗೆ ಅದೇ ಮರ 12ರ ಸುತ್ತ ಇಳೀತದೆ. ಘಟ್ಟದ ಆಚೆ ಹಳಿಯಾಳ, ಹುಬ್ಬಳ್ಳಿ ಕಡೆ ಬೇಸಗೆಯಲ್ಲಿ ಇನ್ನೂ ಕೆಳಗೆ. ಹಾಗಾಗಿ ಹುಬ್ಬಳ್ಳಿಯಲ್ಲಿ ಚೆನ್ನಾಗಿ ಒಣಗಿದ ಹಲಗೆಯನ್ನು ಏಪ್ರಿಲ್‌ನಲ್ಲಿ ತಂದು ಕಾರವಾರದಲ್ಲಿ ಮರುದಿನವೇ ಮೇಜು ಮಾಡಿದ್ರೆ ಜುಲೈಯಲ್ಲಿ ಹಿಗ್ತದೆ. ಸಾಗುವಾನಿಯಂಥ ಶಾಂತ ಮರವೇ, ತೇವ ಆರು ಅಂಶ ಏರಿದ್ರೆ, ಒಂದಡಿ ಅಗಲದ ಹಲಗೆಯಲ್ಲಿ ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಅಗಲ ಆಗ್ತದೆ. ನಿಮ್ಮ ಮೇಜು ಎರಡಡಿ. ಮೇಲ್ಹಲಗೆಯನ್ನು ಸುತ್ತ ಅಂಟು ಹಾಕಿ ಬಿಗಿದ್ರೆ ಎಲ್ಲಾದ್ರೂ ಸೀಳ್ಲೇಬೇಕು. ಕೆಳಗಿಂದ ಸ್ಕ್ರೂ ಹಾಕುವ ತೂತನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ, ಮರ ಹೋಗಿ ಬಂದು ಮಾಡ್ಕೊಳ್ಲಿ. ಮಳೆಗಾಲದಲ್ಲಿ ಸಿಕ್ಕಿಕೊಳ್ಳುವ ಡ್ರಾಯರ್ ಎಲ್ಲ ಬೇಸಗೆಯಲ್ಲಿ ಬಿಗಿಯಾಗಿ ಮಾಡಿದ್ದೇ ಇರ್ತದೆ.

ಕೊಳ್ಳುವ ಕಾಲ ಡಿಸೆಂಬರಿನಿಂದ ಮಾರ್ಚ್. ತಂದ ಕೂಡ್ಲೆ ತುದಿಗಳಿಗೆ ಹಳೇ ಪೇಂಟ್ ಬಳೀರಿ, ನೀರು ತುದಿಯಿಂದಲೇ ವೇಗವಾಗಿ ಹೋಗಿ ಅಲ್ಲೇ ಸೀಳೋದು. ನೆಲದಿಂದ ಒಂದಡಿ ಮೇಲೆ, ಹಲಗೆ-ಹಲಗೆ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು, ಪಟ್ಟಿಗಳು ಒಂದರ ಮೇಲೊಂದು ನೇರ ಬರುವ ಹಾಗೆ ಪೇರಿಸಿ. ಮೇಲೆ ಭಾರ. ಗಾಳಿ ಆಡ್ಬೇಕು, ಬಿಸಿಲು ಬೀಳ್ಬಾರ್ದು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಮಾತು ಒಂದು ಅಂದಾಜು ಅಷ್ಟೆ. ಶಿವನೆ ಬೇಗ, ಮತ್ತಿ ನಿಧಾನ.

ಮೀಟರ್ ಆನ್‌ಲೈನಲ್ಲಿ ಸಿಗ್ತದೆ, ತಗೊಂಡ್ರೆ ಒಳ್ಳೇದೇ. ಇಲ್ದಿದ್ರೆ ತಕ್ಕಡಿ ಸಾಕು. ಒಂದು ಹಲಗೆಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತ ಮೇಲೆ ಕೆಲಸ ಶುರು ಮಾಡಿ.

ಮಂಚೀಕೇರಿ ಮಾಣಿ
ಅಡಿಕೆ ಮನೆಯವರಿಗೆ ಇನ್ನೊಂದು ಅನುಕೂಲ ಇದ್ದು. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟ. ಅರ್ಧ ಒಣಗಿದ ಹಲಗೆಯನ್ನು ಅಲ್ಲಿ ಮೇಲೆ ಸೇರಿಸಿದ್ರೆ ಹೊಗೆ-ಬಿಸಿ ಎರಡೂ ಸಿಗ್ತು, ಹುಳವೂ ಹತ್ತಿರ ಬತ್ತಿಲ್ಲೆ. ಹಸಿ ಹಲಗೆ ಮಾತ್ರ ಇಡಬೇಡಿ, ಹೊರಮೈ ಮೊದಲೇ ಒಣಗಿ ಬಿಗಿದು ಒಳಗೆ ಸೀಳ್ತು. ಪೇರಿಸುವಾಗ ಪಟ್ಟಿಗೆ ಅಡಿಕೆ ದಬ್ಬೆ ಬಳಸ್ತೇವೆ, ಚೆನ್ನಾಗಿ ಒಣಗಿದ್ದು ಇರ್ಬೇಕು.

ಗಾಳಿಮರ
ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಕುಟ್ಟೆ ಹಿಡಿಯೋದಿಲ್ಲ ಅಂತಾರಲ್ಲ, ಅದರ ಬಗ್ಗೆ?

ಸಾಮಿಲ್ ಮಗ
ನಮ್ಮ ಮಿಲ್ಲಿಗೆ ಹುಣ್ಣಿಮೆ ಮರವೂ ಬಂತು, ಅಮಾವಾಸ್ಯೆ ಮರವೂ ಬಂತು. ಬಿಳಿ ಇದ್ದದ್ದಕ್ಕೆಲ್ಲ ಕುಟ್ಟೆ ಹಿಡಿತು.

ಉಳಿಪೆಟ್ಟು
ಹಾಗೆ ತೆಗೆದು ಹಾಕಬೇಡ ತಮ್ಮಾ. ಬಿದಿರು ಕಡಿಯುವವರು ಈಗಲೂ ಪಕ್ಷ ನೋಡ್ತಾರೆ. ಹಳಬರು ತಿಥಿ ನೋಡಿ, ಋತು ನೋಡಿ, ಮಳೆ ಹೋದ ಮೇಲೆ ಕಡೀತಿದ್ರು. ತಿಥಿಯನ್ನು ಬಿಡು, ಋತುವಿನ ಮಾತಲ್ಲಿ ಸತ್ಯ ಇದೆ.

ಸಾಮಿಲ್ ಮಗ
ಋತು ಒಪ್ಪಿದೆ. ತಿಥಿಗಿಂತ ನನಗೆ ಬೋರಾಕ್ಸ್ ಮೇಲೆ ನಂಬಿಕೆ ಜಾಸ್ತಿ. ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು, ಬಿಸಿ ನೀರಲ್ಲಿ ನೂರಕ್ಕೆ ಐದರ ದ್ರಾವಣ. ಹಲಗೆ ಹಸಿ ಇರುವಾಗ್ಲೇ ಬಳಿದು ಅಥವಾ ಅದ್ದಿ, ಪ್ಲಾಸ್ಟಿಕ್ ಮುಚ್ಚಿ ಕೆಲವ್ ದಿನ ಬಿಡಿ, ತೇವದ ಜೊತೆ ಒಳಗೆ ಇಳೀತದೆ. ಒಣಗಿದ ಮೇಲೆ ಬಳಿದ್ರೆ ಮೇಲೇ ಉಳೀತದೆ. ಮಳೆಗೆ ಬಿದ್ರೆ ತೊಳೆದು ಹೋಗ್ತದೆ, ಹಾಗಾಗಿ ಮನೆಯೊಳಗಿನ ಸಾಮಾನಿಗೆ ಮಾತ್ರ. ಅಕ್ಕನ ಸಟ್ಟುಗಕ್ಕೆ ಖಂಡಿತ ಬೇಡ.

ಬೈತಕೋಲ್ ಬೋಟ್
ಹಳೇ ಮನೆ ಕಳಚಿದ ಮರದ ಬಗ್ಗೆ ಯಾರೂ ಬರೀಲಿಲ್ಲ. ನಮ್ಮ ಕಡೆ ಹಂಚಿನ ಮನೆ ಕೆಡವಿ ಆರ್‌ಸಿಸಿ ಹಾಕ್ತಾ ಇದ್ದಾರೆ. ಪಕಾಸು (ಹಂಚಿನ ಕೆಳಗಿನ ಮರದ ಪಟ್ಟಿ), ಜಂತಿ, ಬಾಗಿಲು, ಮರದ ಹಲಗೆಯ ಗೋಡೆ, ಎಲ್ಲ ಅಂಗಳದಲ್ಲಿ. ಐವತ್ತು-ಅರವತ್ತು ವರ್ಷ ಅದೇ ಗಾಳಿಯಲ್ಲಿ ನಿಂತ ಮರ ಅದು, ಒಣಗಿಸುವ ತಲೆಬಿಸಿಯೇ ಇಲ್ಲ. ಪಕಾಸು ಸಣ್ಣ ಅಂತ ಬಿಡಬೇಡಿ, ನಾಲ್ಕು ಪಕಾಸು ಅಂಟಿಸಿದ್ರೆ ಒಂದು ಮೇಜಿನ ಕಾಲು.

ಸಾಮಿಲ್ ಮಗ
ಮರ ಒಳ್ಳೇದೇ, ಮೊಳೆಯೇ ತೊಂದರೆ. ತಲೆ ತುಂಡಾಗಿ ಒಳಗೆ ಉಳಿದ ಒಂದು ಮೊಳೆ ಸಾಕು ನಮ್ಮ ಬ್ಯಾಂಡ್ ಗರಗಸದ ಹಲ್ಲು ಹೋಗ್ಲಿಕ್ಕೆ. ಅದಕ್ಕೇ ಹೆಚ್ಚಿನ ಮಿಲ್ಲಿನವರು ಹಳೇ ಮರ ಅಂದ್ರೆ ಒಳಗೇ ಬಿಡೋದಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಇಂಚು ಇಂಚು ಆಡಿಸಿ ನೋಡಿ. ಮೊಳೆ ಸುತ್ತ ಮರ ಕಪ್ಪಾಗಿರ್ತದೆ, ಅದೂ ಒಂದು ಗುರುತು. ಹಳೇ ಪೇಂಟ್ ಇದ್ದದ್ದನ್ನು ಒಣಗಿದ್ದಲ್ಲೇ ಸ್ಯಾಂಡ್ ಮಾಡ್ಬೇಡಿ, ಸೀಸ ಇರಬಹುದು. ಹತ್ತರಿಯಲ್ಲಿ ಕೀಸಿ, ಸಿಪ್ಪೆ ಗುಡಿಸಿ ತೆಗೀರಿ.

ಬೈತಕೋಲ್ ಬೋಟ್
ಬಂದರು ಕಡೆ, ಕಾರ್ಖಾನೆ ಕಡೆ ಪೈನ್ ಪ್ಯಾಲೆಟ್ಟೂ ಸಿಗ್ತದೆ. ಹೊರದೇಶದಿಂದ ಬಂದದ್ದಕ್ಕೆ ಗೋಧಿ ತೆನೆಯ ಚಿತ್ರದ ಮುದ್ರೆ ಇರ್ತದೆ, ಪಕ್ಕದಲ್ಲಿ ಎಚ್‌ಟಿ ಅಂದ್ರೆ ಬಿಸಿ ಮಾಡಿ ಹುಳ ಕೊಂದದ್ದು, ಎಂಬಿ ಅಂದ್ರೆ ಮಿಥೈಲ್ ಬ್ರೋಮೈಡ್ ಅನಿಲ ಹಾಕಿದ್ದು. ಎಂಬಿ ಬಿಟ್ಟುಬಿಡಿ. ಪೈನ್ ನಮ್ಮ ಹವೆಗೆ ಮೆತ್ತಗೆ, ಕಲಿಕೆಗೆ ಅಡ್ಡಿ ಇಲ್ಲ.

ಕೋಡಿಬಾಗದವ
ಇನ್ನೊಂದು. ನಿನ್ನೆ ಒಬ್ಬ ಫೋನ್ ಮಾಡಿ "ಬೀಟೆ ಹಲಗೆ ಇದೆ, ರಾತ್ರಿ ಮನೆಗೇ ತಂದುಕೊಡ್ತೇನೆ, ಬಿಲ್ ಎಲ್ಲ ಬೇಡ" ಅಂದ. ರೇಟು ಕೇಳಿದ್ರೆ ಸಾಗುವಾನಿಗಿಂತ ಕಮ್ಮಿ.

ದಾಂಡೇಲಿ ದಿಮ್ಮಿ
ಫೋನ್ ಇಡಿ. ಆ ನಂಬರ್ ಬ್ಲಾಕ್ ಮಾಡಿ.

ಸಾಮಿಲ್ ಮಗ
ರಾತ್ರಿ ಬರುವ ಮರಕ್ಕೆ ರೇಟು ಯಾವಾಗ್ಲೂ ಕಮ್ಮಿಯೇ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮರ ಯಾರದ್ದು ಅಂತ ತಕರಾರು ಬಂದ್ರೆ, ಬೇರೆ ಸಾಬೀತಾಗುವವರೆಗೆ ಅದು ಸರ್ಕಾರದ್ದು. ಸಾಬೀತು ಮಾಡ್ಬೇಕಾದ್ದು ಮರ ಇಟ್ಟುಕೊಂಡ ನೀವು. ಬೀಟೆಯಂತೂ 2017ರಿಂದ ಅದರ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಡಿಪೋದಿಂದ ಹೊರಟ ಬೀಟೆಗೆ ಕಾಗದ ಇರ್ತದೆ, ಕಾಗದ ಇಲ್ಲದ್ದು ಎಲ್ಲಿಂದ ಬಂತು ಅಂತ ಕೇಳುವ ಅಗತ್ಯವೇ ಇಲ್ಲ.

ಮಿಲ್ಲಿನಲ್ಲಿ ತಗೊಂಡ್ರೂ ಬಿಲ್ಲಿನಲ್ಲಿ ಮರದ ಜಾತಿ, ಅಳತೆ, ಮಿಲ್ಲಿನ ಲೈಸೆನ್ಸ್ ನಂಬರ್ ಬರೆಸಿ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಆದೇಶ ಕೊಟ್ಟ ಮೇಲೆ ಲೈಸೆನ್ಸ್ ಇಲ್ಲದ ಮಿಲ್ಲುಗಳ ಮೇಲೆ ಹಿಡಿತ ಬಿಗಿಯಾಯ್ತು. ನಮ್ಮ ಜಿಲ್ಲೆಯಲ್ಲಿ ಮಿಲ್ಲು ಎಣಿಸಿದಷ್ಟೇ ಇರೋದಕ್ಕೆ ಅದೂ ಒಂದು ಕಾರಣ.

ಮಂಚೀಕೇರಿ ಮಾಣಿ
ನಮ್ಮಂಥ ತೋಟದವರಿಗೂ ಒಂದು ಮಾತು. ಮಾಲ್ಕಿ (ಸ್ವಂತ) ಜಾಗದ ಮರ ಬೇರೆ, ಸೊಪ್ಪಿನ ಬೆಟ್ಟದ ಮರ ಬೇರೆ. ಬೆಟ್ಟದಲ್ಲಿ ನಮಗಿರೋದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಅಲ್ಲಿಯ ಮತ್ತಿ, ಹೊನ್ನೆ "ನಮ್ಮನೆ ಬೆಟ್ಟದ್ದು" ಅಂತ ಯಾರಾದ್ರೂ ಮಾರಲಿಕ್ಕೆ ಬಂದ್ರೆ ತಗೊಳ್ಳಬೇಡಿ. ಮಾಲ್ಕಿಯಲ್ಲೂ ಗಾಳಿ ಮರ (ಸರ್ವೆ), ನೀಲಗಿರಿ, ತೆಂಗು, ರಬ್ಬರ್, ಸಿಲ್ವರ್ ಓಕ್ ಇಂಥವಕ್ಕೆ ಕಡಿಯುವ ಅನುಮತಿ ಬೇಡ. ಉಳಿದದ್ದಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟೇ ಕಡೀಬೇಕು, ಸಾಗಿಸ್ಲಿಕ್ಕೆ ಪಾಸು ಬೇರೆ.

ಬೈತಕೋಲ್ ಬೋಟ್
ಕಳಚಿದ ಮನೆಯ ಮರಕ್ಕೂ?

ಸಾಮಿಲ್ ಮಗ
ದಾರಿಯಲ್ಲಿ ತಡೆದವನಿಗೆ ಅದು ಹಳೇ ಮನೆಯದ್ದೋ ಹೊಸದೋ ಅಂತ ಹೇಗೆ ಗೊತ್ತಾಗ್ಬೇಕು? ಮನೆ ಯಜಮಾನರ ಪತ್ರ, ಕೆಡವುವ ಮುಂಚಿನ ಫೋಟೋ, ಪಂಚಾಯ್ತಿಯ ಮನೆ ನಂಬರ್, ಇಷ್ಟು ಹಿಡ್ಕೊಂಡು ವಲಯ ಕಚೇರಿಗೆ ಹೋಗಿ, ಅವರು ಏನು ಬೇಕು ಅಂತಾರೋ ಅದನ್ನು ಮಾಡಿಸಿ ಆಮೇಲೆ ಗಾಡಿ ಹತ್ತಿಸಿ.

ಕೋಡಿಬಾಗದವ
ಹೋಗಿ ಬಂದೆ. ಕಾರವಾರದ ಒಂದು ದಾರಂದದ ವರ್ಕ್‌ಶಾಪಿನಲ್ಲಿ ಸಾಗುವಾನಿ ತುಂಡು ಒಂದು ಚೀಲ ಸಿಕ್ತು, ತುದಿ ಕೆತ್ತಿ ನೋಡಿ ಚೇಗು ಇದ್ದದ್ದನ್ನೇ ಆರಿಸಿದೆ. ಶಿರಸಿ ಕಡೆಯ ಮಿಲ್ಲಿನಲ್ಲಿ ಶಿವನೆ ಇರ್ಲಿಲ್ಲ, ಹೆಬ್ಬಲಸು ಇತ್ತು. ಮೂರು ಹಲಗೆ, ಒಂದೂಕಾಲಿಂಚು, ಚೀಟಿ ಕೊಟ್ಟೆ, ಕೇಳಿದ ಕೂಡ್ಲೆ ಕೊಟ್ರು. ಬಿಲ್ಲು, ಪಾಸು ಹಿಡ್ಕೊಂಡು ದೇವಿಮನೆ ಘಟ್ಟ ಇಳಿದೆ. ಒಂದು ಹಲಗೆಯ ನಡುವೆ ಸ್ವಲ್ಪ ಬಾಗು ಇದೆ. ತೂಗಿ, ಪೇರಿಸಿ, ಮೇಲೆ ಜಂಬಿಟ್ಟಿಗೆ ಕಲ್ಲು ಇಟ್ಟಿದ್ದೇನೆ. ಬಾಗು ಹೋಗ್ತದಾ?

ಅಘನಾಶಿನಿ
ಉದ್ದಕ್ಕೆ ಬಾಗಿದ್ರೆ ಸ್ವಲ್ಪ ಮಟ್ಟಿಗೆ. ತಿರುಚಿಕೊಂಡಿದ್ರೆ ಇಲ್ಲ. ಎರಡು ನೇರ ಪಟ್ಟಿಯನ್ನು ಹಲಗೆಯ ಎರಡು ತುದಿಯಲ್ಲಿ ಅಡ್ಡ ಇಟ್ಟು, ಒಂದರ ಮೇಲಿಂದ ಇನ್ನೊಂದನ್ನು ಕಣ್ಣಳತೆ ಹಾಕಿ ನೋಡಿ. ಪಟ್ಟಿಗಳು ಸಮ ಇಲ್ದಿದ್ರೆ ಅದು ತಿರುಚು. ಹಾಗಿದ್ರೆ ಆ ಹಲಗೆಯನ್ನು ಮೇಜಿಗೆ ಹಾಕದೆ ಉದ್ದಕ್ಕೆ ಸೀಳಿ ಕಪಾಟಿನ ಪಟ್ಟಿಗೆ ಬಳಸಿ.

ಕೋಡಿಬಾಗದವ
ನೋಡಿದೆ, ತಿರುಚು ಇಲ್ಲ, ಬರೇ ಬಾಗು. ಈಗ ಮೂರನ್ನೂ ಒಂದೇ ದಪ್ಪಕ್ಕೆ ತರ್ಬೇಕು. ಕೈ ಹತ್ತರಿಯಲ್ಲಿ ಆಗ್ತದೆ, ಆದ್ರೆ ಭುಜ ಉಳಿಯೋದಿಲ್ಲ. ಅಂಕೋಲಾ-ಕಾರವಾರ ನಡುವೆ ಯಾರ ಹತ್ರವಾದ್ರೂ ಪ್ಲೇನರ್ ಮಷೀನ್ ಇದೆಯಾ?

ಬೈತಕೋಲ್ ಬೋಟ್
ನನ್ನ ಹತ್ರ ಹನ್ನೆರಡಿಂಚಿನದ್ದು ಇದೆ. ಬಾಡಿಗೆ ಎಲ್ಲ ಬೇಡ, ಬ್ಲೇಡಿನ ಖರ್ಚು ಕೊಟ್ರೆ ಆಯ್ತು. ಬಾಗು ಇದ್ದ ಹಲಗೆಯ ಒಂದು ಮೈಯನ್ನು ಮೊದ್ಲು ಕೈಯಲ್ಲೇ ಸಪಾಟು ಮಾಡ್ಕೊಂಡು ಬನ್ನಿ, ಇಲ್ದಿದ್ರೆ ಮಷೀನು ಬಾಗಿದ ಹಲಗೆಯನ್ನೇ ತೆಳ್ಳಗೆ ಮಾಡಿ ಕೊಡ್ತದೆ. ತೂಕ ನಿಂತ ಮೇಲೆ ಮೆಸೇಜ್ ಹಾಕಿ.